ಗಿಡ್ಡ ಪಟರ್ರೋ, ಉದ್ದ ಪಟರ್ರೋ? ನಿಯಮ ನೋಡಿ, ಕೈ ನೋಡಿ, ಆಮೇಲೆ ಜೇಬು ನೋಡಿ

ಉದ್ದ ಪಟರ್ (ಗ್ರೀನ್ ಮೇಲೆ, ಅಂದರೆ ಹೋಲಿನ ಸುತ್ತ ಗಿಡ್ಡಗೆ ಕತ್ತರಿಸಿದ ಹುಲ್ಲಿನಲ್ಲಿ, ಚೆಂಡನ್ನು ಹೋಲಿಗೆ ಉರುಳಿಸುವ ಕೋಲು) ಬ್ಯಾನ್ ಆಗಿದೆ ಅಂತ ನಮ್ಮ ಕಡೆ ಗಾಲ್ಫ್ ಆಡುವ ಎಷ್ಟೋ ಜನ ನಂಬಿಕೊಂಡಿದ್ದಾರೆ. ಆಗಿಲ್ಲ. 2016ರ ಜನವರಿ 1ರಿಂದ ನಿಂತಿದ್ದು ಪಟರ್ ಅಲ್ಲ, ಅದನ್ನು ಮೈಗೆ ಒತ್ತಿ ಹಿಡಿದು ಹೊಡೆಯುವ ಹೊಡೆತ. ಇದು ಗೊತ್ತಿಲ್ಲದೆ ಬೆನ್ನು ನೋವಿರುವವರು, ಕೈ ನಡುಗುವವರು ತಮಗೆ ಹೊಂದದ ಗಿಡ್ಡ ಕೋಲನ್ನೇ ಹಿಡಿದು ಒದ್ದಾಡುತ್ತಿದ್ದಾರೆ. ಅದನ್ನು ನೋಡಿದಾಗ ಬೇಜಾರಾಗುತ್ತದೆ. ಈ ಬರಹಕ್ಕೆ ಅದೇ ಕಾರಣ.

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಈ ಬಗ್ಗೆ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕೆಲವರು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಆಟ ಕಲಿತು ಊರಿಗೆ ಮರಳಿದವರು. ಕೆಲವರು ಡಾಕ್ಟರು, ರೈಸ್ ಮಿಲ್ ನಡೆಸುವವರು, ಐವತ್ತು ದಾಟಿದ ಮೇಲೆ ಆಟಕ್ಕೆ ಬಂದವರು. ದೂರ ಹೊಡೆಯುವ ಡ್ರೈವರ್, ಐರನ್ ಕೋಲುಗಳ ವಿಷಯದಲ್ಲಿ ಇವರಿಗೆ ಅಷ್ಟು ಗೊಂದಲವಿಲ್ಲ. ಪಟರ್ ಅಂದ ಕೂಡಲೇ ಗೊಂದಲ ಶುರು. ಬ್ಲೇಡಾ, ಮ್ಯಾಲೆಟ್ಟಾ, ಆರ್ಮ್‌ಲಾಕಾ, ಬ್ರೂಮ್‌ಸ್ಟಿಕ್ಕಾ? ಟಿವಿಯಲ್ಲಿ ನೋಡಿದರೆ ಒಬ್ಬೊಬ್ಬ ಪ್ರೊ ಕೈಯಲ್ಲಿ ಒಂದೊಂದು ತರಹದ್ದು.

ಇಷ್ಟು ತಲೆ ಕೆಡಿಸಿಕೊಳ್ಳುವಷ್ಟು ದೊಡ್ಡ ವಿಷಯವಾ ಇದು? ಹೌದು. ಪಾರ್ 72ರ ಕೋರ್ಸ್‌ನಲ್ಲಿ, ಅಂದರೆ 18 ಹೋಲನ್ನು 72 ಹೊಡೆತಕ್ಕೆ ಮುಗಿಸಬೇಕಾದ ಕಡೆ, ಪ್ರತಿ ಹೋಲಿಗೆ ಎರಡು ಪಟ್ (ಪಟರ್‌ನ ಹೊಡೆತ) ಅಂತ ಲೆಕ್ಕ ಹಿಡಿದರೆ 36 ಹೊಡೆತ ಪಟರ್‌ನದೇ. ಸರಿಯಾಗಿ ಅರ್ಧ. ಅದರ ಮೇಲೆ ನಮ್ಮ ಊರಿನ ಪರಿಸ್ಥಿತಿ ಒಂದಿದೆ. ನಿಜವಾದ ಗ್ರೀನ್ ಮೇಲೆ ಆಡಬೇಕೆಂದರೆ ನಮ್ಮವರು ವಾರದ ಕೊನೆಯಲ್ಲಿ ಚಿಕ್ಕಮಗಳೂರಿಗೋ ಬೆಂಗಳೂರಿಗೋ ಗಾಡಿ ಕಟ್ಟುತ್ತಾರೆ. ಉಳಿದ ದಿನಗಳಲ್ಲಿ ಡ್ರೈವರ್ ಬೀಸಲು ಜಾಗವಿಲ್ಲ. ಮನೆಯ ಹಾಲ್‌ನಲ್ಲಿ ದಿನಾ ಹಿಡಿಯಬಹುದಾದ ಕೋಲು ಪಟರ್ ಒಂದೇ. ನಮ್ಮಂಥವರಿಗೆ ಪಟರ್ ಆಯ್ಕೆ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ ಅಂತ ನಾನು ಹೇಳುವುದು ಇದಕ್ಕೇ.

ನಾಲ್ಕು ಅಳತೆಗೋಲು ಇಟ್ಟುಕೊಳ್ಳೋಣ. ನಿಯಮ ಒಪ್ಪುತ್ತದಾ, ನಿಮ್ಮ ಕೈ ಮತ್ತು ಬೆನ್ನು ಹೇಗಿವೆ, ಅಭ್ಯಾಸ ಎಲ್ಲಿ ಮಾಡುತ್ತೀರಿ, ಎಷ್ಟು ದುಡ್ಡು ಹಾಕಬಲ್ಲಿರಿ. ಇವುಗಳಲ್ಲಿ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ನಿಯಮದ ಬಗ್ಗೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಯಮ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಗಾಲ್ಫ್ ನಿಯಮ ಬರೆಯುವ ಸಂಸ್ಥೆಗಳು ಎರಡು. ಅಮೆರಿಕ ಮತ್ತು ಮೆಕ್ಸಿಕೋಗೆ ಯು.ಎಸ್.ಜಿ.ಎ., ಭಾರತವೂ ಸೇರಿ ಉಳಿದ ಜಗತ್ತಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ. ಆದರೆ ನಿಯಮಾವಳಿ ಇಬ್ಬರದೂ ಒಂದೇ. ಅದರ 10.1ಬಿ ನಿಯಮ ಹೊಡೆತದ ಹೊತ್ತಿನಲ್ಲಿ ಕ್ಲಬ್ಬನ್ನು (ಕೋಲನ್ನು) ಮೈಗೆ ಊರಬಾರದು ಅನ್ನುತ್ತದೆ. ಹೊಟ್ಟೆ, ಎದೆ, ಗದ್ದ, ಯಾವುದಕ್ಕೂ ಪಟರ್‌ನ ತುದಿ ಒತ್ತಿ ನಿಲ್ಲಿಸುವಂತಿಲ್ಲ. ಮೊಣಕೈಯಿಂದ ಕೆಳಗಿನ ತೋಳನ್ನು ಎದೆಗೆ ಒತ್ತಿಟ್ಟು, ಆ ಕೈಯನ್ನೇ ಗೂಟದ ಹಾಗೆ ಮಾಡಿಕೊಂಡು ಇನ್ನೊಂದು ಕೈಯಿಂದ ಬೀಸುವಂತೆಯೂ ಇಲ್ಲ. ತಪ್ಪಿದರೆ ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತದ ದಂಡ. ಒಂದೊಂದೇ ಹೋಲಿಗೆ ಗೆಲುವು ಸೋಲು ಲೆಕ್ಕ ಹಾಕುವ ಮ್ಯಾಚ್ ಪ್ಲೇಯಲ್ಲಿ ಆ ಹೋಲ್ ಹೋಯಿತು.

ಒಂದು ವಿನಾಯಿತಿ ಮಾತ್ರ ಅದೇ ನಿಯಮದಲ್ಲಿ ಬರೆದಿದೆ. ಕ್ಲಬ್ಬನ್ನು ಮುಂಗೈಗೆ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗಕ್ಕೆ, ತಾಗಿಸಿ ಹಿಡಿಯಬಹುದು. ಆರ್ಮ್‌ಲಾಕ್ ಪಟರ್ ಇವತ್ತು ಬದುಕಿರುವುದು ಈ ಸಾಲಿನಿಂದ.

ಉದ್ದಕ್ಕೆ ಮಿತಿ ಇದೆಯಾ ಅಂತ ಕೇಳುವವರೂ ಇದ್ದಾರೆ. ಬೇರೆ ಕ್ಲಬ್ಬುಗಳು 48 ಇಂಚು ದಾಟಬಾರದು. ಪ್ರೊ ಪಂದ್ಯಗಳಲ್ಲಿ ಬೇಕಾದರೆ 46 ಇಂಚಿಗೇ ನಿಲ್ಲಿಸುವ ಸ್ಥಳೀಯ ನಿಯಮ 2022ರಿಂದ ಜಾರಿಯಲ್ಲಿದೆ. ಎರಡರಲ್ಲೂ ಪಟರ್‌ಗೆ ವಿನಾಯಿತಿ. ಕನಿಷ್ಠ 18 ಇಂಚು ಇದ್ದರೆ ಸಾಕು, ಮೇಲೆ ಎಷ್ಟಾದರೂ ಇರಲಿ.

ಈ ನಿಯಮ ಸುಮ್ನೆ ಬಂದಿದ್ದಲ್ಲ. 2011ರ ಪಿಜಿಎ ಚಾಂಪಿಯನ್‌ಶಿಪ್ ಅನ್ನು ಕೀಗನ್ ಬ್ರಾಡ್ಲಿ ಹೊಟ್ಟೆಗೆ ಊರುವ ಬೆಲ್ಲಿ ಪಟರ್‌ನಿಂದ ಗೆದ್ದರು. 2012ರಲ್ಲಿ ಯು.ಎಸ್. ಓಪನ್ ವೆಬ್ ಸಿಂಪ್ಸನ್‌ಗೆ, ದಿ ಓಪನ್ ಅರ್ನಿ ಎಲ್ಸ್‌ಗೆ, ಇಬ್ಬರದೂ ಬೆಲ್ಲಿ ಪಟರ್. 2013ರ ಏಪ್ರಿಲ್‌ನಲ್ಲಿ ಆಡಮ್ ಸ್ಕಾಟ್ ಎದೆಗೆ ಊರಿದ ಉದ್ದ ಪಟರ್‌ನಿಂದ ಮಾಸ್ಟರ್ಸ್ ಗೆದ್ದರು. ಎರಡು ವರ್ಷ ತುಂಬುವುದರೊಳಗೆ ಮೇಜರ್ ಅನ್ನುವ ನಾಲ್ಕೂ ದೊಡ್ಡ ಪಂದ್ಯಾವಳಿಗಳ ಟ್ರೋಫಿಗಳು ಊರಿ ಹೊಡೆದವರ ಮನೆ ಸೇರಿದ್ದವು. ಅದೇ ಮಾಸ್ಟರ್ಸ್‌ನಲ್ಲಿ ಚೀನಾದ 14 ವರ್ಷದ ಹುಡುಗ ಗ್ವಾನ್ ಟಿಯಾನ್‌ಲಾಂಗ್ ಬೆಲ್ಲಿ ಪಟರ್ ಹಿಡಿದು ಕಟ್ ದಾಟಿದ, ಅಂದರೆ ಕೊನೆಯ ಎರಡು ದಿನದ ಆಟಕ್ಕೆ ಉಳಿದ. ಹಿಂದೆಲ್ಲ ಕೈ ನಡುಗುವ ಹಿರಿಯರ ಊರುಗೋಲಾಗಿದ್ದದ್ದು ಮಕ್ಕಳು ಮೊದಲಿಗೇ ಕಲಿಯುವ ವಿಧಾನವಾಗುತ್ತಿತ್ತು. ಪ್ರಸ್ತಾಪ 2012ರ ನವೆಂಬರ್‌ನಲ್ಲೇ ಬಂದಿತ್ತು, 2013ರ ಮೇನಲ್ಲಿ ಅಂಗೀಕಾರವಾಯಿತು. ಅಮೆರಿಕದಲ್ಲಿ ಪ್ರೊ ಪಂದ್ಯ ನಡೆಸುವ ಪಿಜಿಎ ಟೂರ್ ಮೊದಲು ವಿರೋಧಿಸಿತು, ಕೊನೆಗೆ ಒಪ್ಪಿಕೊಂಡಿತು.

ಊರಿ ಹೊಡೆದರೆ ಲಾಭ ಜಾಸ್ತಿ ಅಂತ ಲೆಕ್ಕ ಹಾಕಿ ತಂದ ನಿಯಮ ಇದಲ್ಲ. ಎರಡೂ ಕೈಯಿಂದ ಇಡೀ ಕ್ಲಬ್ಬನ್ನು ಮುಕ್ತವಾಗಿ ಬೀಸುವುದೇ ಗಾಲ್ಫ್ ಹೊಡೆತ, ಅದು ಉಳಿಯಬೇಕು ಅನ್ನುವುದು ಅವರ ವಾದ. ನನಗೆ ಈ ವಾದ ಒಪ್ಪಿಗೆ. ಒತ್ತಡದಲ್ಲಿ ಕೈಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದೇ ಪಟ್ಟಿಂಗ್‌ನ ಪರೀಕ್ಷೆ. ಕೋಲಿನ ಒಂದು ತುದಿ ಮೈಗೆ ಕಚ್ಚಿಕೊಂಡರೆ ಆ ಪರೀಕ್ಷೆಯ ಅರ್ಧ ಹೋಗುತ್ತದೆ.

ಆದರೆ ಸಂಪ್ರದಾಯ ಅನ್ನುವುದನ್ನು ಇದಕ್ಕಿಂತ ಮುಂದೆ ಎಳೆಯಬಾರದು. ಹಾಗೆ ಎಳೆದದ್ದಕ್ಕೆ ಉದಾಹರಣೆ ಇದೆ. 1904ರಲ್ಲಿ ಅಮೆರಿಕದ ವಾಲ್ಟರ್ ಟ್ರಾವಿಸ್ ಇಂಗ್ಲೆಂಡಿಗೆ ಬಂದು ಬ್ರಿಟಿಷ್ ಅಮೆಚೂರ್ ಗೆದ್ದರು. ಕೈಯಲ್ಲಿದ್ದದ್ದು ಶೆನೆಕ್ಟಡಿ ಪಟರ್. ಅದರ ಶಾಫ್ಟ್ (ದಂಡ) ಚೆಂಡಿಗೆ ತಾಗುವ ತಲೆಯ ಹಿಮ್ಮಡಿಗೆ ಸೇರುವ ಬದಲು ನಡುವಿಗೆ ಹತ್ತಿರ ಸೇರಿತ್ತು. ಕೆಲವೇ ವರ್ಷಗಳಲ್ಲಿ ಆರ್ ಅಂಡ್ ಎ ಅಂಥ ಪಟರ್‌ಗಳನ್ನು ನಿಷೇಧಿಸಿತು. ಅಮೆರಿಕ ಒಪ್ಪಲಿಲ್ಲ. 1950ರ ದಶಕದ ಶುರುವಿನವರೆಗೂ ಅಟ್ಲಾಂಟಿಕ್‌ನ ಒಂದು ದಡದಲ್ಲಿ ಸರಿಯಾದ ಪಟರ್ ಇನ್ನೊಂದು ದಡದಲ್ಲಿ ತಪ್ಪಾಗಿತ್ತು. ಇವತ್ತು ನಡುವಿಗೆ ಶಾಫ್ಟ್ ಇರುವ ಪಟರ್ ಯಾವ ಅಂಗಡಿಯಲ್ಲೂ ಸಿಗುತ್ತದೆ. ಯಾರೂ ಹುಬ್ಬೇರಿಸುವುದಿಲ್ಲ.

ಸ್ಯಾಮ್ ಸ್ನೀಡ್ ಕತೆ ಇನ್ನೊಂದು. ವಯಸ್ಸಾದ ಮೇಲೆ ಕೈ ನಡುಗಲು ಶುರುವಾಗಿ, ಅವರು 1966ರಲ್ಲಿ ಎರಡು ಕಾಲುಗಳ ನಡುವೆ ಚೆಂಡಿಟ್ಟು ಹೋಲಿಗೆ ಮುಖ ಮಾಡಿ ಹೊಡೆಯತೊಡಗಿದರು. 1968ರಲ್ಲಿ ಅದನ್ನು ನಿಲ್ಲಿಸಿದರು. ಪಟ್ ಸಾಗುವ ಗೆರೆಯ ಎರಡೂ ಬದಿಗೆ ಕಾಲಿಟ್ಟು ಹೊಡೆಯಬಾರದು ಅನ್ನುವ ನಿಯಮ ಇವತ್ತಿಗೂ ಇದೆ. ಸ್ನೀಡ್ ಎರಡೂ ಕಾಲನ್ನು ಗೆರೆಯ ಒಂದೇ ಬದಿಗೆ ತಂದು, ಮುಖ ಹೋಲಿನ ಕಡೆಗೇ ಇಟ್ಟು ಹೊಡೆದರು. ಅದು ಅವತ್ತೂ ಸರಿ, ಇವತ್ತೂ ಸರಿ.

ನಮ್ಮ ಹೈಸ್ಕೂಲ್ ಮೈದಾನದಲ್ಲಿ ಬೆಳೆದವರಿಗೆ ಕ್ರಿಕೆಟ್ ಉದಾಹರಣೆ ಬೇಗ ಹಿಡಿಸುತ್ತದೆ. 1771ರಲ್ಲಿ ಇಂಗ್ಲೆಂಡಿನಲ್ಲಿ ವೈಟ್ ಅನ್ನುವ ಆಟಗಾರ ವಿಕೆಟ್ಟಿನಷ್ಟೇ ಅಗಲದ ಬ್ಯಾಟ್ ಹಿಡಿದು ಬಂದ. ಆಮೇಲೆ ಬ್ಯಾಟಿನ ಅಗಲ ನಾಲ್ಕೂಕಾಲು ಇಂಚಿಗೆ ನಿಂತಿತು, ಇವತ್ತಿಗೂ ಅಷ್ಟೇ ಇದೆ. ಗಾಲ್ಫ್ ಹೋಲಿನ ಅಡ್ಡಗಲವೂ ನಾಲ್ಕೂಕಾಲು ಇಂಚು, 108 ಮಿಲಿಮೀಟರ್. ಹಳೇ ಬ್ಯಾಟ್ ಮನೆಯಲ್ಲಿದ್ದರೆ ಅದರ ಅಗಲವೇ ನಿಮ್ಮ ಗುರಿಯ ಅಗಲ. ಅಭ್ಯಾಸಕ್ಕೆ ಇದು ಚೆನ್ನಾಗಿ ಒದಗುತ್ತದೆ.

ಇನ್ನು ಆನ್‌ಲೈನ್‌ನಲ್ಲಿ ಕೊಳ್ಳುವವರು ನೋಡಬೇಕಾದ ಸಣ್ಣ ನಿಯಮಗಳು. ಪಟರ್‌ನ ಲಾಫ್ಟ್, ಅಂದರೆ ಮುಖದ ಓರೆ, 10 ಡಿಗ್ರಿ ದಾಟಬಾರದು. ದಾಟಿದರೆ ಅದು ಪಟರ್ ಅಲ್ಲ, ಗ್ರೀನ್ ಹೊರಗಿನಿಂದ ಹೊಡೆಯುವ ಚಿಪ್ಪರ್. ಎರಡು ಮುಖದ ಪಟರ್ ನಡೆಯುತ್ತದೆ, ಎರಡೂ ಮುಖ ಒಂದೇ ತರಹ ಇದ್ದರೆ. ಎರಡು ಮುಖದ ಚಿಪ್ಪರ್ ನಡೆಯುವುದಿಲ್ಲ. ಅಗ್ಗದ ದರಕ್ಕೆ ಸಿಗುವ ‘ಎಡಗೈ ಬಲಗೈ ಎರಡಕ್ಕೂ’ ಅನ್ನುವ ಚಿಪ್ಪರ್‌ಗಳನ್ನು ಪಂದ್ಯಕ್ಕೆ ಒಯ್ಯಬೇಡಿ. ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಪಟರ್ ಸಿಗುತ್ತದೆ. ಟೂಲ್ ಹಾಕಿ ಬಿಗಿ ಮಾಡುವಂಥದ್ದಾದರೆ ಸರಿ, ಕೈಯಲ್ಲೇ ತಿರುಗಿಸಿ ಬದಲಿಸುವಂಥದ್ದಾದರೆ ತಪ್ಪು. ಸರಿಯಾದದ್ದನ್ನೂ ರೌಂಡ್ ನಡುವೆ ಬದಲಿಸುವಂತಿಲ್ಲ.

ಕೈ, ಬೆನ್ನು, ಹಾಲ್

ಮೂರು ನಾಲ್ಕು ಅಡಿಯ ಪಟ್ ಹೊಡೆಯುವಾಗ ಕೈ ಏನು ಮಾಡುತ್ತದೆ ಅಂತ ನೋಡಿಕೊಳ್ಳಿ. ಅಭ್ಯಾಸದಲ್ಲಿ ಸರಿಯಿದ್ದು, ಪಂದ್ಯದಲ್ಲಿ ಮಣಿಕಟ್ಟು ಥಟ್ಟನೆ ಅದುರಿದರೆ ಅದಕ್ಕೆ ಆಟಗಾರರು ಯಿಪ್ಸ್ ಅನ್ನುತ್ತಾರೆ. ಧೈರ್ಯ ಸಾಲದೆ ಬರುವ ತೊಂದರೆ ಅಲ್ಲ ಇದು. ದೊಡ್ಡ ದೊಡ್ಡವರನ್ನೇ ಕಾಡಿದೆ. ಇದು ಇರುವವರಿಗೂ ಇಲ್ಲದವರಿಗೂ ಒಂದೇ ಪಟರ್ ಹೇಳಲು ಬರುವುದಿಲ್ಲ.

ಬೆನ್ನಿನ ವಿಷಯ ಸರಳ. ಹತ್ತು ನಿಮಿಷ ಬಗ್ಗಿ ನಿಂತು ಪಟ್ ಮಾಡಿ, ಆಮೇಲೆ ನೆಟ್ಟಗಾಗುವಾಗ ಸೊಂಟಕ್ಕೆ ಕೈ ಹೋಗುತ್ತದಾ? ಹೋದರೆ ಉದ್ದದ ಆಯ್ಕೆಗಳ ಕಡೆ ನೋಡಿ.

ಅಭ್ಯಾಸದ ಜಾಗ ನಮ್ಮಲ್ಲಿ ಹೆಚ್ಚು ಪಾಲು ಮನೆಯ ಹಾಲ್. ಟೈಲ್ಸ್ ಮೇಲೆ ಚೆಂಡು ಜಾರಿಕೊಂಡು ಓಡುತ್ತದೆ, ವೇಗದ ಅಂದಾಜು ಸಿಗುವುದಿಲ್ಲ. ದಪ್ಪ ಜಮಖಾನ ಸುಕ್ಕಿಲ್ಲದೆ ಹಾಸಿ, ತುದಿಯಲ್ಲಿ ಸ್ಟೀಲ್ ಲೋಟ ಅಡ್ಡ ಮಲಗಿಸಿ ಹೊಡೆಯಿರಿ. ಲೋಟದ ಬಾಯಿ ಹೋಲಿಗಿಂತ ಕಿರಿದು. ಚೆಂಡು ಒಳಗೆ ಹೋದಾಗ ಟಣ್ ಅನ್ನುತ್ತದೆ, ಅಂಚಿಗೆ ತಾಗಿದರೆ ಲೋಟ ಗರ್ರನೆ ತಿರುಗಿ ಬಾಯಿ ಆ ಕಡೆ ಮಾಡುತ್ತದೆ. ಎಡಕ್ಕೆ ತಪ್ಪುತ್ತಿದ್ದೀರೋ ಬಲಕ್ಕೋ ಅಂತ ಅದು ತಿರುಗಿದ ದಿಕ್ಕೇ ಹೇಳುತ್ತದೆ. ಟೆರೇಸ್ ಮೇಲೆ ಮ್ಯಾಟ್ ಹಾಕುವವರೂ ಇದ್ದಾರೆ. ಚಿತ್ರದುರ್ಗದವರಿಗೆ ಆಷಾಢದ ಗಾಳಿಯಲ್ಲಿ ಅದು ಆಗದ ಮಾತು.

ಈ ಜಾಗದಲ್ಲಿ ಚೆನ್ನಾಗಿ ಕಲಿಯಲು ಆಗುವುದು ಎಂಟು ಹತ್ತು ಅಡಿಯೊಳಗಿನ ಪಟ್. ಮೂವತ್ತು ನಲವತ್ತು ಅಡಿಯ ಅಂದಾಜು ಹಾಲ್‌ನಲ್ಲಿ ಬರುವುದಿಲ್ಲ. ಹಾಗಂತ ಕೊರಗಬೇಕಾಗಿಲ್ಲ. ಎಂಟಡಿಯಿಂದ ಪಿಜಿಎ ಟೂರ್‌ನ ಪ್ರೊಗಳೂ ಹೆಚ್ಚುಕಡಿಮೆ ಅರ್ಧವನ್ನಷ್ಟೇ ಹಾಕುತ್ತಾರೆ. ಹೊಡೆತ ಉಳಿಸಲು ಆ ಅಂತರದೊಳಗೆ ಬೇಕಾದಷ್ಟು ಅವಕಾಶವಿದೆ.

ಬ್ಲೇಡ್

ತೆಳು ತಲೆ, ಚಿಕ್ಕ ಮೈ. ಹಳೆಯ ಕಾಲದಿಂದ ಬಂದ ಆಕಾರ. ಆದರೆ ಇವತ್ತಿನ ಬ್ಲೇಡ್‌ಗಳ ಮೂಲ 1966ರ ಪಿಂಗ್ ಆನ್ಸರ್. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್ ತಲೆಯ ತೂಕವನ್ನು ನಡುವಿನಿಂದ ತೆಗೆದು ಎರಡು ತುದಿಗೆ ಹಂಚಿದರು. ಚೆಂಡು ನಡುವಿಗೆ ಬೀಳದಿದ್ದರೂ ತಲೆ ತಿರುಚಿಕೊಳ್ಳುವುದು ಇದರಿಂದ ಕಡಿಮೆಯಾಯಿತು. ಟೈಗರ್ ವುಡ್ಸ್ ತಮ್ಮ 15 ಮೇಜರ್‌ಗಳಲ್ಲಿ 14ನ್ನು ಗೆದ್ದಿದ್ದು ಇದೇ ಆಕಾರದ ಒಂದೇ ಒಂದು ಸ್ಕಾಟಿ ಕ್ಯಾಮರಾನ್ ಪಟರ್‌ನಿಂದ.

ಬ್ಲೇಡ್ ಕೈಗೆ ಎಲ್ಲವನ್ನೂ ಹೇಳುತ್ತದೆ. ನಡುವಿಗೆ ಬಿದ್ದರೆ ಒಂದು ಸದ್ದು, ತುದಿಗೆ ಬಿದ್ದರೆ ಇನ್ನೊಂದು. ಕಲಿಯುವವರಿಗೆ ಇದು ಒಳ್ಳೆಯದು. ತೊಂದರೆ ಏನೆಂದರೆ, ತುದಿಗೆ ಬಿದ್ದ ಚೆಂಡು ಹೋಲಿಗೆ ಮುಟ್ಟದೆ ನಿಲ್ಲುತ್ತದೆ. ವಾರಕ್ಕೊಮ್ಮೆ ಮುಟ್ಟುವವರಿಗೆ ಬ್ಲೇಡ್ ಕಷ್ಟ. ದಿನಾ ಅರ್ಧ ಗಂಟೆ ಜಮಖಾನದ ಮೇಲೆ ಕಳೆಯುವವರಿಗೆ ಸರಿ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಶಾಫ್ಟ್ ಅನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ತೂಗಿಸಿ. ತಲೆಯ ಮೂಗು (ನಿಮ್ಮಿಂದ ದೂರದ ತುದಿ) ನೆಲದ ಕಡೆ ಜೋತರೆ ಅದು ಕಮಾನಿನಂತೆ ಒಳಗೆ ಎಳೆದು ಹೊರಗೆ ಬಿಡುವ ಹೊಡೆತಕ್ಕೆ ಹೊಂದುತ್ತದೆ. ಮುಖ ಆಕಾಶ ನೋಡುತ್ತಾ ಸಮ ನಿಂತರೆ ನೇರ ಹಿಂದೆ ನೇರ ಮುಂದೆ ಹೋಗುವವರಿಗೆ. ಬ್ಲೇಡ್‌ಗಳಲ್ಲಿ ಹೆಚ್ಚಿನವು ಜೋಲುತ್ತವೆ.

ಮ್ಯಾಲೆಟ್

ದೊಡ್ಡ ತಲೆ, ಹಿಂದಕ್ಕೆ ಚಾಚಿದ ಮೈ. ತೂಕ ಹೊರ ಅಂಚುಗಳಿಗೆ ಹಂಚಿರುವುದರಿಂದ ತಪ್ಪು ಜಾಗಕ್ಕೆ ಬಿದ್ದ ಚೆಂಡೂ ಹೆಚ್ಚುಕಡಿಮೆ ಅಷ್ಟೇ ದೂರ ಹೋಗುತ್ತದೆ. ಮೇಲಿನ ಗೆರೆಗಳಿಂದ ಗುರಿ ಹಿಡಿಯುವುದು ಸುಲಭ.

ಮ್ಯಾಲೆಟ್ ಅಂದರೆ ಕಲಿಯುವವರದ್ದು ಅನ್ನುವ ಮಾತು ಇನ್ನೂ ಕೆಲವರಲ್ಲಿದೆ. 1986ರಲ್ಲಿ 46 ವರ್ಷದ ಜ್ಯಾಕ್ ನಿಕ್ಲಾಸ್ ನೋಡಿದವರೆಲ್ಲ ಅಚ್ಚರಿಪಡುವಷ್ಟು ದೊಡ್ಡ ತಲೆಯ ಪಟರ್ ಹಿಡಿದು ಮಾಸ್ಟರ್ಸ್ ಗೆದ್ದಾಗಲೇ ಆ ಮಾತು ನಿಲ್ಲಬೇಕಿತ್ತು. ಸ್ಕಾಟಿ ಶೆಫ್ಲರ್ ಗ್ರೀನ್‌ವರೆಗೂ ಎಲ್ಲರಿಗಿಂತ ಚೆನ್ನಾಗಿ ಆಡುತ್ತಾ ಪಟ್ಟಿಂಗ್‌ನಲ್ಲಿ ಸೋಲುತ್ತಿದ್ದರು. 2024ರ ಮಾರ್ಚ್‌ನಲ್ಲಿ ಸ್ಪೈಡರ್ ಅನ್ನುವ ಮ್ಯಾಲೆಟ್ ಹಿಡಿದ ವಾರವೇ ಗೆದ್ದರು. ಮುಂದಿನ ವಾರ ಪ್ಲೇಯರ್ಸ್ ಚಾಂಪಿಯನ್‌ಶಿಪ್, ಏಪ್ರಿಲ್‌ನಲ್ಲಿ ಮಾಸ್ಟರ್ಸ್. 2025ರ ಮಾಸ್ಟರ್ಸ್‌ನಲ್ಲಿ ರೋರಿ ಮೆಕಿಲ್‌ರಾಯ್ ಕೈಯಲ್ಲಿದ್ದದ್ದೂ ಸ್ಪೈಡರ್. ಇದರಲ್ಲಿ ಸಂಪ್ರದಾಯಕ್ಕೂ ನಿಯಮಕ್ಕೂ ಯಾವ ತಕರಾರೂ ಇಲ್ಲ.

ಇದರಲ್ಲೇ ಹೊಸ ಜಾತಿಯೊಂದು ಜೋರಾಗಿದೆ, ಜೀರೋ ಟಾರ್ಕ್. ತಲೆಯ ತೂಕ ಮತ್ತು ಶಾಫ್ಟ್ ಸೇರುವ ಜಾಗವನ್ನು ಎಷ್ಟು ಹೊಂದಿಸಿರುತ್ತಾರೆಂದರೆ, ಬೀಸುವಾಗ ಮುಖ ತಾನಾಗಿ ತೆರೆದುಕೊಳ್ಳಲು, ಮುಚ್ಚಿಕೊಳ್ಳಲು ನೋಡುವುದಿಲ್ಲ. 2025ರ ಯು.ಎಸ್. ಓಪನ್ ಅನ್ನು ಜೆ.ಜೆ. ಸ್ಪಾನ್ ಗೆದ್ದಿದ್ದು ಲ್ಯಾಬ್ ಗಾಲ್ಫ್‌ನ ಇಂಥ ಪಟರ್‌ನಿಂದ. ಕೆಲಸ ಮಾಡುತ್ತದೆ, ಸಂಶಯವಿಲ್ಲ. ಆದರೆ ದುಬಾರಿ. ಸಾದಾ ಮ್ಯಾಲೆಟ್‌ನಿಂದ ಬರುವ ಲಾಭದ ಮೇಲೆ ಇದು ಕೊಡುವ ಹೆಚ್ಚುವರಿ, ತಿಂಗಳಿಗೊಮ್ಮೆ ಕೋರ್ಸ್‌ಗೆ ಹೋಗುವವರಿಗೆ ಅಷ್ಟು ದುಡ್ಡಿಗೆ ತೂಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸ್ವಲ್ಪ ಉದ್ದದ, ಹಿಡಿಯಲ್ಲಿ ತೂಕ ಹಾಕಿದ ಮ್ಯಾಲೆಟ್ ಕೂಡ ಸಿಗುತ್ತದೆ, 38 ಇಂಚಿನ ಆಸುಪಾಸು. 2023ರ ಯು.ಎಸ್. ಓಪನ್‌ನಲ್ಲಿ ವಿಂಡಮ್ ಕ್ಲಾರ್ಕ್ ಹಿಡಿದಿದ್ದು ಇದು. ತೂಕ ಜಾಸ್ತಿ ಇರುವುದರಿಂದ ಸಣ್ಣ ನಡುಕ ತಲೆಯವರೆಗೆ ಇಳಿಯುವುದಿಲ್ಲ. ಕೈ ಸ್ವಲ್ಪ ಮಾತ್ರ ಅದುರುವವರು ಆರ್ಮ್‌ಲಾಕ್‌ಗೆ ಹಾರುವ ಮುಂಚೆ ಇದನ್ನು ಹಿಡಿದು ನೋಡಲಿ.

ಆರ್ಮ್‌ಲಾಕ್

40ರಿಂದ 43 ಇಂಚು. ಹಿಡಿ ಎಡ ಮುಂಗೈಗೆ ತಾಗಿಕೊಂಡು ಮೇಲೆ ಹೋಗುತ್ತದೆ (ಬಲಗೈ ಆಟಗಾರರಿಗೆ). ಮಣಿಕಟ್ಟು ಮುರಿಯಲು ದಾರಿಯೇ ಇಲ್ಲ. ಇದನ್ನು ಜನಕ್ಕೆ ಪರಿಚಯಿಸಿದ್ದು ಮ್ಯಾಟ್ ಕುಚಾರ್. ಬ್ರೈಸನ್ ಡಿಶಾಂಬೊ 2020 ಮತ್ತು 2024ರ ಯು.ಎಸ್. ಓಪನ್ ಎರಡನ್ನೂ ಹೀಗೆ ಹೊಡೆದು ಗೆದ್ದರು. ಇದೂ ಒಂದು ತರಹದ ಊರುವಿಕೆಯೇ ಅನ್ನುವ ಪ್ರೊಗಳು ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಿಯಮ ಇವತ್ತು ಸ್ಪಷ್ಟವಾಗಿ ಒಪ್ಪಿದೆ. ಕ್ಲಬ್ ಪಂದ್ಯದಲ್ಲಿ ಯಾರಾದರೂ ತಕರಾರು ತೆಗೆದರೆ 10.1ಬಿ ತೋರಿಸಿ.

ಇಲ್ಲಿ ದುಡ್ಡು ಉಳಿಸಲು ಹೋಗಿ ಕೆಡುವ ದಾರಿ ಒಂದಿದೆ. ಸಾದಾ ಪಟರ್‌ನ ಶಾಫ್ಟ್ ಉದ್ದ ಮಾಡಿಸಿ, ದೊಡ್ಡ ಹಿಡಿ ಹಾಕಿಸಿ ಆರ್ಮ್‌ಲಾಕ್ ಮಾಡಿಕೊಳ್ಳುವುದು. ಹಾಗೆ ಮಾಡಬೇಡಿ. ಮುಂಗೈಗೆ ತಾಗಿಸಿದಾಗ ಶಾಫ್ಟ್ ಗುರಿಯ ಕಡೆ ವಾಲುತ್ತದೆ. ಆಗ ಮುಖದ ಲಾಫ್ಟ್ ಕಡಿಮೆಯಾಗುತ್ತದೆ. ಸಾದಾ ಪಟರ್‌ನಲ್ಲಿ ಇರುವುದೇ ಮೂರು ನಾಲ್ಕು ಡಿಗ್ರಿ. ಅದೂ ಹೋದರೆ ಚೆಂಡು ಹುಲ್ಲಿನೊಳಗೆ ಒತ್ತಿಕೊಂಡು ಪುಟಿಯುತ್ತದೆ. ಆರ್ಮ್‌ಲಾಕ್‌ಗೆಂದೇ ಮಾಡಿದ ಪಟರ್‌ನಲ್ಲಿ ಲಾಫ್ಟ್ ಆರೇಳು ಡಿಗ್ರಿ ಇಟ್ಟಿರುತ್ತಾರೆ. ಅಂಥದ್ದನ್ನೇ ಕೊಳ್ಳಿ, ಇಲ್ಲವೇ ಬಿಟ್ಟುಬಿಡಿ.

ಬ್ರೂಮ್‌ಸ್ಟಿಕ್

ಜನ ಬ್ಯಾನ್ ಆಗಿದೆ ಅಂದುಕೊಂಡಿರುವುದು ಇದನ್ನೇ. 45ರಿಂದ 50 ಇಂಚು, ಕೆಲವು ಇನ್ನೂ ಉದ್ದ. ಎರಡು ಹಿಡಿ. ಮೇಲಿನ ಕೈ ಎದೆಯ ಮುಂದೆ, ಕೆಳಗಿನ ಕೈ ಸುಮ್ನೆ ದಾರಿ ತೋರಿಸುತ್ತದೆ. ಗಡಿಯಾರದ ಲೋಲಕದ ಹಾಗೆ ತೂಗುತ್ತದೆ. ಮೈ ನೆಟ್ಟಗೆ ನಿಲ್ಲುತ್ತದೆ, ಬೆನ್ನಿಗೆ ಸುಖ. ಸಣ್ಣ ಸ್ನಾಯುಗಳ ಕೆಲಸ ಕಡಿಮೆ, ಆದ್ದರಿಂದ ನಡುಗುವ ಕೈಗೂ ಸುಖ.

ಮೇಲಿನ ಕೈ ಮತ್ತು ಎದೆಯ ನಡುವೆ ಜಾಗ ಬಿಡಬೇಕು. ಎರಡು ಬೆರಳು ತೂರುವಷ್ಟು ಬಿಟ್ಟರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಅಂಗಿ ಸಡಿಲವಾಗಿದ್ದು ಕೈಗೆ ತಾಗಿದರೆ ತಪ್ಪಲ್ಲ, ಬೇಕೆಂದೇ ಒತ್ತಿ ಹಿಡಿದರೆ ತಪ್ಪು. ಬರ್ನ್‌ಹಾರ್ಡ್ ಲ್ಯಾಂಗರ್ ಮೇಲೆ 2017ರಲ್ಲಿ ಇದೇ ಅನುಮಾನ ಬಂದಿತ್ತು. ಅವರು ನಿಯಮ ಮುರಿದಿಲ್ಲ ಅಂತ ಯು.ಎಸ್.ಜಿ.ಎ. ಹೇಳಿತು. ಯೌವನದಿಂದಲೂ ಯಿಪ್ಸ್ ಜೊತೆ ಹೋರಾಡಿದ ಲ್ಯಾಂಗರ್, ಉದ್ದ ಪಟರ್ ಹಿಡಿದು 2023ರಲ್ಲಿ 65ನೇ ವಯಸ್ಸಿಗೆ ಯು.ಎಸ್. ಸೀನಿಯರ್ ಓಪನ್ ಗೆದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಲೂಕಸ್ ಗ್ಲೋವರ್, ವರ್ಷಗಟ್ಟಲೆ ಸಣ್ಣ ಪಟ್‌ಗಳಿಗೆ ಹೆದರಿ ಬಸವಳಿದಿದ್ದವರು, ಉದ್ದ ಪಟರ್ ಹಿಡಿದು ಸತತ ಎರಡು ವಾರ ಗೆದ್ದರು. ಇದು ಮುದುಕರದ್ದು ಅನ್ನುವವರಿಗೆ ಭಾರತೀಯ ಮೂಲದ ಅಕ್ಷಯ್ ಭಾಟಿಯಾ ಉತ್ತರ. ಇಪ್ಪತ್ತರ ಹರೆಯದಲ್ಲೇ ಬ್ರೂಮ್‌ಸ್ಟಿಕ್ ಹಿಡಿದು 2024ರ ಟೆಕ್ಸಾಸ್ ಓಪನ್ ಗೆದ್ದರು.

ಕಷ್ಟವೂ ಇದೆ. ಉದ್ದದ ಪಟ್‌ಗಳಲ್ಲಿ ದೂರದ ಅಂದಾಜು ಬರಲು ಸಮಯ ಬೇಕು. ನಿಧಾನದ ಗ್ರೀನ್ ಮೇಲೆ ದೊಡ್ಡದಾಗಿ ಬೀಸಬೇಕಾಗುತ್ತದೆ, ಆಗ ಲೋಲಕದ ಲಯ ತಪ್ಪುತ್ತದೆ. ಹಾಲ್‌ನಲ್ಲಿ ದೂರದ ಅಂದಾಜು ಕಲಿಯಲು ಆಗುವುದಿಲ್ಲ, ಕೋರ್ಸ್‌ಗೆ ಹೋದ ದಿನ ಮುಂಚೆ ಹೋಗಿ ಅಭ್ಯಾಸದ ಗ್ರೀನ್ ಮೇಲೆ ನಲವತ್ತು ಅಡಿಯವು ಹೊಡೆಯಲೇಬೇಕು. ಬಳಸಿದ್ದು ಸಿಗುವುದು ಕಡಿಮೆ. ಕೆಲವು ಟ್ರಾವೆಲ್ ಕವರ್‌ಗಳಲ್ಲಿ ಹಿಡಿಸುವುದೂ ಇಲ್ಲ, ರೈಲಿನಲ್ಲಿ ಬೆಂಗಳೂರಿಗೆ ಒಯ್ಯುವವರು ಅಳತೆ ನೋಡಿ ಕೊಳ್ಳಲಿ.

ದುಡ್ಡಿನ ಮಾತು

ಕಾಸು ಬಿಚ್ಚುವ ಮೊದಲು ಹಿಡಿತ ಬದಲಿಸಿ ನೋಡಿ. ಎಡಗೈ ಕೆಳಗೆ, ಬಲಗೈ ಮೇಲೆ. ಜೋರ್ಡನ್ ಸ್ಪೀತ್ 2015ರಲ್ಲಿ ಮಾಸ್ಟರ್ಸ್ ಮತ್ತು ಯು.ಎಸ್. ಓಪನ್ ಹೀಗೆ ಹಿಡಿದೇ ಗೆದ್ದರು. ಇಲ್ಲವೇ ಬಲಗೈಯನ್ನು ಉಗುರಿನ ಹಾಗೆ ಬಗ್ಗಿಸಿ ಹಿಡಿಯುವ ಕ್ಲಾ. ಎರಡಕ್ಕೂ ಖರ್ಚಿಲ್ಲ. ಆಮೇಲೆ ದಪ್ಪ ಹಿಡಿ ಹಾಕಿಸುವುದು, ಅದು ಒಂದೆರಡು ಸಾವಿರದ ಮಾತು. ಸೆಟ್ ಜೊತೆ ಬಂದ ಪಟರ್ ಹೀಗೇ ಸರಿಹೋಗುವುದು ಅಪರೂಪವಲ್ಲ.

ಬೇರೆ ಪಟರ್ ಬೇಕೇ ಬೇಕಾದರೆ, ಬಳಸಿದ ಒಳ್ಳೆಯ ಕಂಪನಿಯ ಬ್ಲೇಡ್ ಅಥವಾ ಮ್ಯಾಲೆಟ್‌ಗೆ ಐದರಿಂದ ಹತ್ತು ಸಾವಿರ ಇಟ್ಟುಕೊಳ್ಳಿ. ಪಟರ್ ಸವೆಯುವ ವಸ್ತುವಲ್ಲ, ಹಿಡಿ ಬದಲಿಸಿದರೆ ಹೊಸದರಷ್ಟೇ ಚೆಂದ. ಹೊಸ ಬ್ರಾಂಡೆಡ್ ಮ್ಯಾಲೆಟ್ ಇಪ್ಪತ್ತು ಸಾವಿರ ದಾಟುತ್ತದೆ. ಹೆಸರುವಾಸಿ ಬ್ಲೇಡ್, ಜೀರೋ ಟಾರ್ಕ್, ಒಳ್ಳೆಯ ಬ್ರೂಮ್‌ಸ್ಟಿಕ್ ನಲವತ್ತರ ಆಸುಪಾಸು ಮತ್ತು ಮೇಲೆ.

ನನ್ನನ್ನು ಕೇಳಿದರೆ, ಕೈ ಬೆನ್ನು ಎರಡೂ ಗಟ್ಟಿಯಿರುವ ಹೊಸಬರಿಗೆ ಬಳಸಿದ ಮ್ಯಾಲೆಟ್, 33 ಅಥವಾ 34 ಇಂಚು. ಕಾಲೇಜು ಹುಡುಗರು, ದಿನಾ ಅಭ್ಯಾಸ ಮಾಡುವ ಛಲ ಇರುವವರು ಬಳಸಿದ ಬ್ಲೇಡ್ ಹಿಡಿಯಲಿ, ಕೈ ಪಳಗುತ್ತದೆ. ಮಣಿಕಟ್ಟು ಅದುರುವವರಿಗೆ ಮೊದಲು ಹಿಡಿತದ ಬದಲಾವಣೆ, ಆಮೇಲೆ 38 ಇಂಚಿನ ತೂಕದ್ದು, ಆಮೇಲೆ ಆರ್ಮ್‌ಲಾಕ್. ಬೆನ್ನೂ ನೋವು, ಕೈಯೂ ನಡುಕ ಅನ್ನುವವರು ನೇರ ಬ್ರೂಮ್‌ಸ್ಟಿಕ್‌ಗೆ ಹೋಗಲಿ. ನಡುವಿನ ಮೆಟ್ಟಿಲುಗಳಿಗೆ ದುಡ್ಡು ಕಳೆಯುವುದು ಬೇಡ. ಯಾರಾದರೂ ಅದು ಗಾಲ್ಫ್ ಅಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಉದ್ದ ಅಳೆಯದೆ ಆರ್ಡರ್ ಮಾಡಬೇಡಿ. ಗಿಡ್ಡ ಪಟರ್‌ಗೆ ಹೀಗೆ ಮಾಡಿ. ಆಡುವ ಶೂ ಹಾಕಿಕೊಂಡು ಸಹಜವಾಗಿ ಬಗ್ಗಿ ನಿಲ್ಲಿ, ಕೈ ಜೋತುಬೀಳಲಿ. ಮೂಗಿನ ಮೇಲ್ಭಾಗದಿಂದ ಒಂದು ಚೆಂಡು ಕೆಳಗೆ ಬಿಡಿ. ಅದು ನೆಲದಲ್ಲಿಟ್ಟ ಚೆಂಡಿನ ಮೇಲೋ, ಸ್ವಲ್ಪ ನಿಮ್ಮ ಕಡೆಗೋ ಬಿದ್ದರೆ ನಿಲುವು ಸರಿ. ಆ ನಿಲುವಿನಲ್ಲಿ ಮೇಲಿನ ಕೈಯಿಂದ ನೆಲದವರೆಗೆ, ಶಾಫ್ಟ್ ಇರುವ ಓರೆಯಲ್ಲೇ, ಮನೆಯವರಿಂದ ಟೇಪ್ ಹಿಡಿಸಿ, ಒಂದು ಇಂಚು ಸೇರಿಸಿ. ಬ್ರೂಮ್‌ಸ್ಟಿಕ್‌ಗೆ ನೆಟ್ಟಗೆ ನಿಂತು ತಲೆ ಮಾತ್ರ ಬಗ್ಗಿಸಿ, ನೆಲದಿಂದ ಎದೆಮೂಳೆಯ ನಡುವಿನವರೆಗೆ ಅಳೆಯಿರಿ. ಎರಡರ ನಡುವೆ ಅನುಮಾನ ಬಂದರೆ ಉದ್ದದ್ದನ್ನು ತರಿಸಿ. ಕತ್ತರಿಸಿ ಗಿಡ್ಡ ಮಾಡಿಸುವುದು ಸುಲಭ, ಜೋಡಿಸಿ ಉದ್ದ ಮಾಡಿಸಿದರೆ ತೂಕ ಕೆಡುತ್ತದೆ.